ಚಿಲ್ಲರೆ

ಸೊನ್ನೆಗಿಂತ ಮೂವತ್ತೊಂದು ಡಿಗ್ರಿ ಕೆಳಗೆ. ಸಸ್ಕಾಚೆವಾನಿನ ಜನವರಿ,
ಕಾರಿನ ಎಂಜಿನ್ನಿಗೂ ಕಂಬಳಿ ಹೊದಿಸುವ ತಿಂಗಳು.
ನೆಲಮಾಳಿಗೆಯಲ್ಲಿ ನಾನು, ಓರೆಸ್ಟ್ ಹ್ನಾಟ್ಯುಕ್,
ಮೂವತ್ತು ವರ್ಷ ಶಾಲೆಯ ಬಸ್ಸು ತಿರುಗಿಸಿದ ಕೈಯಲ್ಲಿ
ಹೆಂಡತಿಯ ಹೇರ್ ಡ್ರೈಯರ್ ಹಿಡಿದು
ಪೋಕರ್ ಬಿಲ್ಲೆಗಳ ಹಳೆಯ ಚೀಟಿ ಬಿಡಿಸುತ್ತಿದ್ದೇನೆ.

ಬಿಸಿ ತಾಗಿದರೆ ಅಂಟು ಒಂದೆಳೆ ಪಾಕ.
ಚೀಟಿಯ ಮೇಲೆ ಯಾವುದೋ ಕಾಣದೂರಿನ ಕ್ಯಾಸಿನೊ,
ಬಂಗಾರದ ಅಕ್ಷರ, ಒಂದು ತಾಳೆಮರ.
ನಮ್ಮಲ್ಲಿ ತಾಳೆಮರ ಬೆಳೆಯುವುದು
ದಂತವೈದ್ಯನ ಕ್ಯಾಲೆಂಡರಿನಲ್ಲಿ.

ಅದಕ್ಕೇ ಹೊಳೆದದ್ದು: ನಮ್ಮ ಬುಧವಾರದ ಮೇಜಿಗೆ
ನಮ್ಮವೇ ಮುಖಗಳು.
ಐವರು ಆಟಗಾರರು, ಐದು ಬಣ್ಣ, ಐದು ಬೆಲೆ.
ಲೆಕ್ಕ ಸರಿಹೋಯಿತು. ಸರಿಹೋದದ್ದು ಲೆಕ್ಕ ಮಾತ್ರ.

ಅಳತೆ ಸುಲಭ. ಗುಳಿಯ ಅಗಲ ಇಪ್ಪತ್ತೈದು ಮಿಲಿಮೀಟರು.
ಅರ್ಧ ಹೆಚ್ಚಾದರೆ ಅಂಚು ಮೂಗು ಮುರಿಯುತ್ತದೆ,
ಪಂಚ್ ಕೊಂಚ ಜಾರಿದರೆ ಪಕ್ಕದಲ್ಲಿ ಬಿದಿಗೆ ಚಂದ್ರ.
ಮೊದಲು ಸಾದಾ ಕಾಗದದಲ್ಲಿ ಅಚ್ಚು, ಆಮೇಲೆ ವಿನೈಲ್ ಹಾಳೆ,
ಮೇಲೊಂದು ಹೊಳಪಿಲ್ಲದ ಪೊರೆ.
ನೀಲಿ ಶಾಯಿ ತೀರುತ್ತ ಬಂದು
ಡೆಲ್ಫೀನಳ ಕೆನ್ನೆ ಕೆಂಪಾಯಿತು.
ಇರಲಿ, ಕೆಟ್ಟ ಎಲೆ ಹಿಡಿದು ಪಣ ಏರಿಸುವಾಗ
ಅವಳಿರುವುದೇ ಹಾಗೆ. ಅವಳು ಐದು.

ಕಷ್ಟ, ಉಳಿದವರಿಗೆ ಬೆಲೆ ಕಟ್ಟುವುದು.
ಟ್ಯಾವಿಶನಿಗೆ ರಸ್ತೆ ಮಾಡುವ ಮೂರು ಯಂತ್ರಗಳಿವೆ.
ಅವನನ್ನು ಐನೂರು ಮಾಡಿದೆ. ಟೀ ಕುಡಿದು ಬಂದು ಅಳಿಸಿದೆ.
ಇದ್ದವನಿಗೇ ಬೆಲೆಯೆನ್ನುವುದಾದರೆ
ಈ ಲೋಕವೇ ಸಾಕಿತ್ತು, ಪ್ರಿಂಟರ್ ಯಾಕೆ?
ವೀಬ ಫೋಟೋಗೆ ನಿಲ್ಲುವವನಲ್ಲ;
ಅವನ ಟೋಪಿ ಬರೆದೆ, ಬೀಜದ ಕಂಪನಿಯ ಹಸಿರು ಟೋಪಿ,
ಗ್ರೀಸಿನ ಕಲೆ ಸಹಿತ. ಟೋಪಿ ನೂರಕ್ಕೆ ಸರಿಯಾಗಿ ಕೂತಿತು.
ಎಂಬತ್ತೇಳರ ಅತ್ತೆ ಲುದ್ಮಿಲಾಳಿಗೆ ಫೋನು ಮಾಡಿದೆ:
ನೀವು ಐನೂರು ಆಗುತ್ತೀರಾ?
"ಐನೂರನ್ನು ಯಾರು ಮುಟ್ಟುತ್ತಾರೆ? ಪೆಟ್ಟಿಗೆಯಲ್ಲೇ ಇಡುತ್ತೀರಿ.
ಪೆಟ್ಟಿಗೆಯಲ್ಲಿ ಮಲಗುವುದು ಇದ್ದೇ ಇದೆ, ಈಗಲೇ ಯಾಕೆ?"
ಅವಳನ್ನು ಇಪ್ಪತ್ತೈದು ಮಾಡಿ
ಟ್ಯಾವಿಶನನ್ನು ಮತ್ತೆ ಐನೂರಕ್ಕೇ ಏರಿಸಿದೆ.

ಉಳಿದದ್ದು ಒಂದು. ಉಳಿದವನು ನಾನು.
ಇನ್ನೂರು ಸಲ ಒತ್ತಿದೆ ಪಂಚ್.
ಮೆಟ್ಟಿಲಿಳಿದು ಬಂದ ಹಾಲಿನಾ
ಮೇಜಿನ ತುಂಬ ಹರಡಿದ್ದ ಗಂಡನನ್ನು ನೋಡಿ,
"ನಿನ್ನನ್ನು ನೀನೇ ಚಿಲ್ಲರೆ ಮಾಡಿಕೊಂಡೆಯಾ," ಎಂದು
ಹೇರ್ ಡ್ರೈಯರ್ ಎತ್ತಿಕೊಂಡು ಮೇಲೆ ಹೋದಳು.

ಬುಧವಾರ. ಎಲೆ ಹಂಚುವ ಮೊದಲು
ಎಲ್ಲರೂ ಒಂದೊಂದು ಹಾಕಬೇಕು.
ಹಸಿರು ಬಟ್ಟೆಯ ನಡುವೆ ಐದು ನಾನು,
ಒಬ್ಬ ಬೋರಲು, ಒಬ್ಬ ವೀಬನ ಕಾಫಿಯ ವೃತ್ತದೊಳಗೆ.
ಡೆಲ್ಫೀನ್ ನನ್ನನ್ನು ಬೆರಳ ಗಿಣ್ಣುಗಳ ಮೇಲೆ ಉರುಳಿಸಿದಳು.
ಲುದ್ಮಿಲಾ ಯೋಚಿಸುವಾಗೆಲ್ಲ
ನಡುಗುವ ಹೆಬ್ಬೆರಳಿನಿಂದ ನನ್ನ ಹಣೆ ಒರೆಸುತ್ತಿದ್ದಳು,
ಜ್ವರ ಬಂದ ಹುಡುಗನಿಗೆಂಬಂತೆ.
ಟ್ಯಾವಿಶ್ ಮಾತ್ರ ಆಗಾಗ ಪೆಟ್ಟಿಗೆ ತೆರೆದು
ತನ್ನನ್ನು ತಾನೇ ನೋಡಿ ಮುಚ್ಚುತ್ತಿದ್ದ.

ರಾತ್ರಿ ಎಣಿಸಿದರೆ ನೂರ ತೊಂಬತ್ತೊಂಬತ್ತು.
ಮೇಜಿನಡಿ ಹುಡುಕಿದೆ, ಸೋಫಾದ ಸಂದಿಯಲ್ಲಿ,
ಬೂಟುಗಳಿಂದ ಕರಗಿದ ಹಿಮದ ಮಡುವಿನಲ್ಲಿ.

ಮಾತ್ರೆ ಕೊಡಲು ಮರುದಿನ ಲುದ್ಮಿಲಾಳ ಮನೆಗೆ ಹೋದಾಗ
ಅಡುಗೆಮನೆಯ ಕಿಟಕಿಯಲ್ಲಿ, ಜೆರೇನಿಯಂ ಕುಂಡಕ್ಕೆ ಒರಗಿ
ನಿಂತಿದ್ದೆ. ನಾನು. ಒಂದು.
ಕೇಳಲಿಲ್ಲ. ಅವಳೂ ಹೇಳಲಿಲ್ಲ.
"ಬಾಗಿಲು ಹಾಕು, ಚಳಿ," ಅಂದಳು.

ಮನೆಗೆ ಬಂದು ಇನ್ನೊಂದು ಅಚ್ಚು ಹಾಕಿದೆ.
ನೀಲಿ ಶಾಯಿ ಪೂರ್ತಿ ಮುಗಿದಿತ್ತು.
ಇನ್ನೂರನೆಯವನು ಕೊಂಚ ಕೆಂಪಗೆ ಬಂದ.