ಮುನ್ನೂರು ಪ್ರತಿ

ಮುಹರ್ರಕ್ಕಿನ ಮೀನು ಮಾರ್ಕೆಟ್ಟಿನ ಹಿಂದೆ ನಮ್ಮ ಪ್ರೆಸ್ಸು.
ನನಗೆ ಓದಲು ಬಾರದ ಭಾಷೆಯನ್ನು
ಇಪ್ಪತ್ತಾರು ವರ್ಷದಿಂದ ಅಚ್ಚು ಹಾಕುತ್ತಿದ್ದೇನೆ,
ಬಲದಿಂದ ಎಡಕ್ಕೆ.
ತಪ್ಪಿದ್ದರೆ ಗೊತ್ತಾಗುತ್ತದೆ. ಹೇಗೆಂದು ಕೇಳಬೇಡಿ.
ಹೆಂಡತಿ ಫೋನಿನಲ್ಲಿ ಚೆನ್ನಾಗಿದ್ದೇನೆ ಅಂದಾಗ
ಗೊತ್ತಾಗುವ ಹಾಗೆ.

ಝುಲೇಖಾ ಮೊದಲು ಬಂದದ್ದು ಎ.ಸಿ. ಕೆಟ್ಟ ದಿನ.
ವಾರ್ಡಿಗೆ ನಿಂತಿದ್ದೇನೆ, ಪೋಸ್ಟರು ಬೇಕು,
ಹೆಸರು ಪೂರ್ತಿ ಬರಲಿ:
ಝುಲೇಖಾ ಹಮೀದ್ ಉಮ್ಮರಬ್ಬ.

ಉಮ್ಮರಬ್ಬ ಯಾರೆಂದು ಗಲ್ಲಿಯ ಮುದುಕರಿಗೆ ಗೊತ್ತು.
ಹಂಚು ಹೇರಿದ ಮಂಜಿಯಲ್ಲಿ ಉಳ್ಳಾಲದಿಂದ ಬಂದು
ಹರಿದ ಹಾಯಿ ಹೊಲಿಯಲು ದಡಕ್ಕಿಳಿದವರು.
ಹಾಯಿ ಹೊಲಿದರು, ಮಂಜಿ ಹೋಯಿತು, ಅವರು ಉಳಿದರು.
ಆಮೇಲೆ ಹಾಯಿಗಳೂ ಹೋಗಿ ಎಂಜಿನ್ ಬಂತು,
ಅದೇ ಕೈಯಲ್ಲಿ ಅರಬರ ನಿಲುವಂಗಿ.
ಹನ್ನೊಂದು ಜನರ ಕೋಣೆಯಲ್ಲಿ ಹದಿನಾರು ವರ್ಷ,
ನಿದ್ದೆಗೂ ಪಾಳಿ.
ನಾಲ್ಕನೇ ಕ್ಲಾಸಿನ ಕನ್ನಡದಲ್ಲಿ ಅಳತೆ ಪುಸ್ತಕ:
ಎದೆ ೩೮, ತೋಳು ೨೩, ಬಾಕಿ ೪.

ಮೊಮ್ಮಗಳಿಗೆ ಬರುವ ಕನ್ನಡ ಅಷ್ಟೇ,
ಸೊನ್ನೆಯಿಂದ ಒಂಬತ್ತು.
ಆ ಪುಸ್ತಕ ತಂದು ಹಿಂದಿಯಲ್ಲಿ ಕೇಳುವಳು,
ದೂಮಣ್ಣ, ಇದು ಆರೋ ಒಂಬತ್ತೋ?
ಆರು, ಅಂದೆ. ಯಾರದೋ ಮಗುವಿನ ತೋಳು.

ವೋಟಿಲ್ಲದ ನಮ್ಮ ಬಿಲ್ಡಿಂಗಿನ ಮೆಟ್ಟಿಲನ್ನೂ ಹತ್ತಿ ಬಂದಳು,
ಮೂರನೇ ಮಾಳಿಗೆ, ಲಿಫ್ಟಿಲ್ಲ.
ಅಜ್ಜ ಮಲಗುತ್ತಿದ್ದ ಜಾಗ ಯಾವುದು?
ನಮಗೇನು ಗೊತ್ತು.
ಕಿಟಕಿಯ ಪಕ್ಕ ತೋರಿಸಿದೆವು,
ಅದೊಂದೇ ಸ್ವಲ್ಪ ಮರ್ಯಾದೆಯ ಜಾಗ.
ಸಿದ್ಧಿಕ್ ತನ್ನ ಬನಿಯನ್ನು ಹಗ್ಗದಿಂದ ಎಳೆದುಕೊಂಡ.
ಅವಳು ಅಲ್ಲೇ ನಿಂತು ಚಹಾ ಕುಡಿದಳು.

ಸೋತಳು. ಇನ್ನೂರ ಹನ್ನೊಂದು ವೋಟು.
ಪೋಸ್ಟರುಗಳಲ್ಲಿ ಕೊನೆಯ ಪದವನ್ನು ಮಾತ್ರ
ಯಾರೋ ಉಗುರಿನಿಂದ ಕೆರೆದಿದ್ದರು.
ಕಾಗದ ಒಳ್ಳೆಯದೇ ಇತ್ತು, ಅಂಟೂ.
ಆದರೂ ಕೆರೆದಿದ್ದರು.

ನಾಲ್ಕು ವರ್ಷ ಸಾವಿನ ಮನೆಗಳಿಗೆ ಹೋದಳು,
ಮದುವೆಗೆ ಹೋದಳು, ಯಾರು ಮೊದಲು ಕೂರಬೇಕು,
ಖರ್ಜೂರ ಎಷ್ಟು ತಿಂದರೆ ಸಾಕು, ಕಲಿತಳು.
ಮತ್ತೆ ಬಂದಾಗ ಚೀಟಿಯಲ್ಲಿ ಎರಡೇ ಪದ:
ಝುಲೇಖಾ ಹಮೀದ್.
ಮಸಿ ಉಳಿಯಿತಲ್ಲ, ಬಿಲ್ಲಿನಲ್ಲಿ ಕಮ್ಮಿ ಮಾಡು ಅಂದಳು.
ನಕ್ಕಳು. ನಾನೂ ನಕ್ಕೆ.
ಇಬ್ಬರೂ ಮೆಷಿನ್ನಿನ ಕಡೆ ನೋಡುತ್ತಿದ್ದೆವು.

ಗೆದ್ದಳು.
ಸುಳ್ಳು ಹೇಳಬಾರದು: ಚರಂಡಿ ಆಯಿತು.
ಮೀನು ಕೊಳೆಯುವ ಆ ತಿರುವಿಗೆ ದೀಪ ಬಂತು,
ಶಾಲೆಯ ಎದುರು ಬಿಳಿ ಪಟ್ಟೆ.
ಹಬ್ಬದ ದಿನ ನಮ್ಮ ಬಿಲ್ಡಿಂಗಿಗೆ ಬಿರಿಯಾನಿಯ ಪಾತ್ರೆ,
ಚಮಚವನ್ನೂ ಎಣಿಸಿ ಕಳಿಸಿದ್ದಳು.

ಮೊನ್ನೆ ಡ್ರೈವರು ಬಂದ, ಅವಳು ಕಾರಲ್ಲೇ ಇದ್ದಳು.
ನೋಟೀಸು, ಒಂದೇ ಹಾಳೆ.
ಕುಟುಂಬಗಳಿರುವ ಗಲ್ಲಿಗಳಿಂದ ಒಂಟಿ ಗಂಡಸರು
ಮೂರು ತಿಂಗಳಲ್ಲಿ ಹೊರಡಬೇಕು.
ಓದಿ ಹೇಳಿದ್ದು ಆ ಡ್ರೈವರೇ, ಪಾಪ,
ಅವನದೂ ನಮ್ಮದೇ ಬಿಲ್ಡಿಂಗು.
ಎಷ್ಟು ಪ್ರತಿ? ಚೀಟಿ ತಿರುಗಿಸಿದೆ.
ಹಿಂದೆ ಪೆನ್ಸಿಲಿನಲ್ಲಿ, ದುಂಡಗೆ, ಅಜ್ಜನ ಹಾಗೆ ಒತ್ತಿ ಬರೆದ
೩೦೦.

ಇದನ್ನು ಏನೆಂದು ತಿಳಿಯಲಿ?
ಕ್ಷಮೆ ಕೇಳಿದ್ದೋ, ಅಭ್ಯಾಸ ಬಲವೋ,
ನನಗೊಬ್ಬನಿಗೆ ತಿಳಿದರೆ ಸಾಕೆಂದೋ.
ಕಾರಿನ ಗಾಜು ಕಪ್ಪು.
ಬಿಲ್ಲು ಕಳಿಸಿದೆ, ಚೌಕಾಶಿ ಮಾಡಲಿಲ್ಲ.
ಈವರೆಗೆ ಒಮ್ಮೆಯೂ ಹಾಗಾದದ್ದಿಲ್ಲ.

ಮುನ್ನೂರೂ ಚೆನ್ನಾಗಿ ಬಂದವು, ಒಂದೂ ಹಾಳಾಗಲಿಲ್ಲ.
ಗುರುವಾರ ರಾತ್ರಿ ಮೆಟ್ಟಿಲು ಹತ್ತಿ ಬಂದರೆ
ನಮ್ಮ ಬಾಗಿಲಿಗೆ ಒಂದು, ಸೊಟ್ಟ ಅಂಟಿಸಿದ್ದಾರೆ.
ಅಂಟು ಇನ್ನೂ ಹಸಿ ಇತ್ತು.
ಮೆಲ್ಲಗೆ ಬಿಡಿಸಿ, ಚೌಕಟ್ಟಿಗೆ ಅಂಚು ಸೇರಿಸಿ,
ನೇರ ಮಾಡಿ ಹಚ್ಚಿ
ಒಳಗೆ ಹೋದೆ. ಸಿದ್ಧಿಕ್ ಏಳುವ ಹೊತ್ತು,
ಕಿಟಕಿಯ ಪಕ್ಕ ನನ್ನ ಪಾಳಿ.