ನಕಾರದ ಬೆಲೆ

ಇದಕ್ಕೆ ಇನ್ನು ಅಪ್‌ಡೇಟ್ ಬರುದಿಲ್ಲ ಅಕ್ಕ,
ಕಂಪೆನಿಯವರೇ ಕೈ ಬಿಟ್ಟು ಎಷ್ಟೋ ವರ್ಷ ಆಯ್ತು,
ಅಂತ ಕುದ್ರೋಳಿಯ ಸಿನಾನ್
ಸಿಪಿಯುವಿನ ಪಕ್ಕೆ ಕಳಚಿ ಊದಿದ.
ಒಳಗಿಂದ ಬಂದರಿನ ಉಪ್ಪು, ಕಾಗದದ ಹಿಟ್ಟು,
ಒಣಗಿದ ಒಂದು ಜಿರಳೆ.
ಕೈ ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ ಮಾರಾಯ.
ಅದು ಈಗಲೂ ಒಂಬತ್ತಕ್ಕೆ ಎದ್ದು, ಕೆಮ್ಮಿ,
ಹಸಿರು ಗುಡ್ಡೆಯ ಚಿತ್ರ ತೋರಿಸಿ
ಕೆಲಸಕ್ಕೆ ನಿಲ್ಲುತ್ತದಲ್ಲ.

ಹತ್ತೊಂಬತ್ತು ವರ್ಷ.
ಈ ಓಣಿಯ ಈ ಸ್ಟೂಲಿನಲ್ಲಿ ಕೂತು
ಎಷ್ಟು ಮದುವೆ ಹೊಡೆದೆ, ಎಷ್ಟು ಬೊಜ್ಜ,
ಎಷ್ಟು ನಿಕಾಹ್, ಎಷ್ಟು ರೋಸ್,
ಬೋಟಿನವರ ಸಂಘದ ಮಹಾಸಭೆಯ ನೋಟೀಸು
(ಕೋರಂ ಇಲ್ಲದೆ ಮುಂದೂಡಿದ್ದಕ್ಕೆ ಮತ್ತೊಂದು).
ಕೀಬೋರ್ಡಿನ ಅಕ್ಷರ ಎಲ್ಲ ಮಾಸಿದೆ,
ಎಫ್ ಮಾತ್ರ ಗುಳಿ ಬಿದ್ದಿದೆ.
ಒತ್ತಕ್ಷರಕ್ಕೆ ಅದನ್ನೇ ಒತ್ತಬೇಕು.
ಒಂದು ವ್ಯಂಜನದ ಕೆಳಗೆ ಇನ್ನೊಂದನ್ನು
ಕೂರಿಸಿ ಕೂರಿಸಿ
ನನ್ನ ತೋರುಬೆರಳು ಸೊಟ್ಟಗಾಗಿದೆ.

ಹೊಸತನ್ನು ಪಕ್ಕದಲ್ಲೇ ತಂದಿಟ್ಟಿದ್ದಾನೆ, ನೋಡಿ ಹೇಳಿ ಅಂತ.
ಅದು ಮೊದಲು ಇಮೇಲ್ ಕೇಳಿತು, ಮತ್ತೆ ಮುಖ ಕೇಳಿತು,
ನೀವು ಎಲ್ಲಿದ್ದೀರಿ ತಿಳಿಯಬಹುದೇ ಅಂತ ಕೇಳಿತು.
ಎಲ್ಲಿರುದು?
ಇಲ್ಲೇ.

ಹಳೆಯ ಫೈಲೊಂದನ್ನು ಪೆನ್‌ಡ್ರೈವಿನಲ್ಲಿ ದಾಟಿಸಿ ಅದರಲ್ಲಿ ತೆರೆದೆ.
ಸೇಸಮ್ಮ ಕರ್ಕೇರರ ಬೊಜ್ಜದ ಕಾರ್ಡು.
ಅಯ್ಯೋ, ಕನ್ನಡವೇ ಇಲ್ಲ,
ತಲೆಗೆ ಗೆರೆ ಎಳೆದುಕೊಂಡ ಇಂಗ್ಲಿಷಿನ ಎ-ಗಳ ಸಂತೆ,
ನ ಇದ್ದಲ್ಲೆಲ್ಲ ಪೌಂಡಿನ ಗುರುತು.
ನಮ್ಮ ನಕಾರಕ್ಕೆ ಇಷ್ಟು ಬೆಲೆ ಉಂಟಾ ಅಂತ
ಗಲ್ಲಾಪೆಟ್ಟಿಗೆಯಿಂದ ಪಿರೇರರು ನಕ್ಕರು.

ಅದಕ್ಕೆ ಕನ್ವರ್ಟರ್ ಉಂಟು ಅಕ್ಕ, ಸಿನಾನ್ ಒತ್ತಿದ.
ಅಕ್ಷರ ಬಂತು. ಅರ್ಕಾವೊತ್ತು ದಾರಿ ತಪ್ಪಿ ಬಂತು.
ವಾರ್ಷಿಕ ಎಂಬುದು ವಾಷಿರ್ಕ.
ಕರ್ಕೇರ ಎಂಬುದು ಕಕೇರ್ರ.
ಸತ್ತವರ ಹೆಸರು ಹೀಗೆ ತೊದಲಬಾರದು.

ಆದರೆ ಸುಳ್ಳು ಯಾಕೆ ಹೇಳಲಿ.
ಕಳೆದ ನವೆಂಬರಿನಲ್ಲಿ ಯಾರದೋ ಪೆನ್‌ಡ್ರೈವಿನ ವೈರಸ್ಸು
ಇಗರ್ಜಿಯ ಪತ್ರಿಕೆಯನ್ನು ಶನಿವಾರ ಸಂಜೆ ತಿಂದುಹಾಕಿತು,
ಇಡೀ ರಾತ್ರಿ ಕೂತು ಮತ್ತೆ ಹೊಡೆದೆ.
ಈಗ ಎಲ್ಲರೂ ವಾಟ್ಸಾಪಿನಲ್ಲೇ ಮ್ಯಾಟರ್ ಕಳಿಸುದು,
ಹಳೆಯದರಲ್ಲಿ ಅದು ಬರೀ ಚೌಕ ಚೌಕ,
ಸಾಲಾಗಿ ಇಟ್ಟ ಖಾಲಿ ಐಸ್ ಬಾಕ್ಸು.
ಫೋನನ್ನು ಸ್ಟೇಪ್ಲರಿಗೆ ಒರಗಿಸಿ
ನೋಡಿ ನೋಡಿ ಹೊಡೆಯುತ್ತೇನೆ.
ಹೊಸತರಲ್ಲಿ ಕಾಪಿ, ಪೇಸ್ಟು, ಚಾ ಕುಡಿಯಬಹುದು.

ಆದರೂ,
ನೋಡಿ ನೋಡಿ ಹೊಡೆಯುವಾಗಲೇ ಅಲ್ಲವಾ
ಬೋಳೂರಿನ ಆ ಹುಡುಗಿಯ ಕಾಗದದಲ್ಲಿ
ತಂದೆಯ ಹೆಸರಿನ ಹಿಂದೆ ದಿವಂಗತ ಬಿಟ್ಟುಹೋದದ್ದು ಕಂಡದ್ದು.
ಬೆರಳು ಅಲ್ಲಿಗೆ ಬಂದು ನಿಂತಿತು.
ಆ ಮನುಷ್ಯನ ಬೊಜ್ಜದ ಕಾರ್ಡೂ ನಾನೇ ಹೊಡೆದದ್ದು.
ಫೋನ್ ಮಾಡಿದೆ.
ಸ್ವಲ್ಪ ಹೊತ್ತು ಆಚೆ ಕಡೆ ಮಾತಿಲ್ಲ,
ಮತ್ತೆ ಹೇಳಿದಳು: ಬೇಕಂತಲೇ ಬಿಟ್ಟದ್ದು ಆಂಟಿ,
ಒಂದು ಕಾಗದದಲ್ಲಾದರೂ.
ಹಾಗೆಯೇ ಹೊಡೆದೆ.
ಪೇಸ್ಟ್ ಮಾಡಿದ್ದರೂ ಕಾರ್ಡು ಹಾಗೆಯೇ ಬರುತ್ತಿತ್ತು ಅನ್ನಿ,
ನನಗೆ ಮಾತ್ರ ಗೊತ್ತಾಗುತ್ತಿರಲಿಲ್ಲ.

ನಿಮ್ಮ ಇಷ್ಟ ಪ್ರಫುಲ್ಲ, ಅಂದರು ಪಿರೇರರು.
ಮೂವತ್ತೆಂಟು ಸಾವಿರದ ಮಾತು,
ಈ ಪ್ರೆಸ್ಸಿನಲ್ಲಿ ನನ್ನ ಇಷ್ಟ ಕೇಳಿದ್ದು
ಇದೇ ಮೊದಲು. ಫ್ಯಾನು ಖರೀದಿಸುವಾಗಲೂ ಕೇಳಿರಲಿಲ್ಲ.

ಧಕ್ಕೆಯ ಕಡೆಯಿಂದ ಬೋಟಿನ ಹಾರನ್ನು.
ಸಿನಾನನಿಗೆ ಜುಮಾಕ್ಕೆ ಹೊತ್ತಾಯಿತು,
ಸ್ಕ್ರೂಗಳನ್ನು ಮುಚ್ಚಳದಲ್ಲಿ ಹಾಕಿ ನಿಂತಿದ್ದಾನೆ.
ಎಂತ ಮಾಡುದು ಅಕ್ಕ?

ಹೊಸತರ ಮುಂದೆ ಕೂತು ಒಂದು ಕೀಲಿ ಒತ್ತಿದೆ.
ನ ಬಂತು.
ಪೌಂಡಲ್ಲ, ಬರೀ ನ, ಚಂದದ್ದೇ,
ಹೊಟ್ಟೆ ಸ್ವಲ್ಪ ದೊಡ್ಡದು.
ಅದರ ಮುಂದೆ ಗೆರೆ ಮಿಣುಕುತ್ತಾ ಕಾದಿತು.
ಇನ್ನೂ ನಾಲ್ಕು ಕೀಲಿ ಒತ್ತಿದೆ:
ನೋಡುವ.