ಕೋಂ

ನವನಗರದಿಂದ ಹೊರಟ ಕಾಲೇಜಿನ ವ್ಯಾನು
ಬ್ಯಾಡಗಿ ಮುಟ್ಟುವ ಮೊದಲೇ ಸೀನು ಶುರು.
ಆರು ಬಿಳಿ ಅಂಗಿ, ಒಂದು ಬ್ಯಾನರು:
ಉಚಿತ ಕಾನೂನು ನೆರವು.
ಕಟ್ಟಲು ಸುತಳಿ ತಂದಿರಲಿಲ್ಲ ಯಾರೂ.
ಮೆಣಸಿನಕಾಯಿ ಚೀಲ ಹೊಲಿಯುವ ದಾರ
ಹಲ್ಲಿನಿಂದ ಕಡಿದು ಕೊಟ್ಟಳು ಒಬ್ಬಾಕೆ.

ಅಂಗನವಾಡಿಯ ಕೋಣೆ, ಗೋಡೆಗೆ ಕಾಗುಣಿತದ ಚಾರ್ಟು,
ಗಿಡ್ಡ ಕುರ್ಚಿಯಲ್ಲಿ ನನ್ನ ಮೊಣಕಾಲು ಗದ್ದಕ್ಕೆ.
ಹದಿನೈದು ನಿಮಿಷದ ಭಾಷಣ ಬಾಯಿಪಾಠವಿತ್ತು,
ಕನಿಷ್ಠ ಕೂಲಿ, ಕಲಮುಗಳ ಸಹಿತ.
ಕೇಳಿದರು. ಉಡಿಯಲ್ಲೇ ಕೆಲಸ ತಂದಿದ್ದವರು
ತೊಟ್ಟು ಮುರಿಯುವುದನ್ನು ನಿಲ್ಲಿಸದೆ ಕೇಳಿದರು.
ಮುಗಿದ ಮೇಲೆ ದಾರ ಕೊಟ್ಟವಳು:
"ಛಲೋ ಹೇಳಿದಿ. ಈಗ ಅರ್ಜಿ ಬರೀತಿಯೇನು?"

ಹೊನ್ನವ್ವ. ಇಪ್ಪತ್ತು ವರ್ಷದ ತೊಟ್ಟು
ಹೆಬ್ಬೆರಳಿನ ಗೆರೆಯನ್ನೆಲ್ಲ ತಿಂದಿದೆ.
ರೇಷನ್ ಅಂಗಡಿಯ ಯಂತ್ರ ಒತ್ತಿಸಿಕೊಂಡು, ಒತ್ತಿಸಿಕೊಂಡು,
ನೀನು ನೀನಲ್ಲ ಎನ್ನುತ್ತದೆ.
ಇದಕ್ಕೆ ನಮೂನೆ ಗೊತ್ತಿತ್ತು ನನಗೆ. ಬರೆದೆ:
ಸದರಿ ಅರ್ಜಿದಾರಳಾದ ಹೊನ್ನವ್ವ ಕೋಂ ಗುಡ್ಡಪ್ಪ ಬಣಕಾರ...
ಓದಿ ತೋರಿಸಿದೆ, ಓದಿ ತೋರಿಸಬೇಕಲ್ಲ.

"ಸದರಿ ಅಂದ್ರ?"
ನೀವೇ.
"ಹಂಗಾರ ನಾನು ಅಂತ ಬರಿ."
ಹೊಡೆದು ಹಾಕಿದೆ.
"ಕೋಂ ಅಂದ್ರ?"
ಹೆಂಡತಿ. ಅಂದರೆ, ಇಂಥವರ ಹೆಂಡತಿ.

ಒಂದು ತೊಟ್ಟು ಮುರಿದಳು. ಇನ್ನೊಂದು.
"ಅಂವ ಹೋಗಿ ಹದಿನಾಕು ವರ್ಷಾತು. ಗ್ವಾದಾಗ ಅದಾನಂತಾರ,
ಇಲ್ಲಂತಾರ. ಸಾಯೂದು ಬ್ಯಾಡ, ಎಲ್ಲೆರ ಇರಲಿ.
ಆದ್ರ ಬ್ಯಾಂಕಿನ್ಯಾಗ, ದವಾಖಾನಿ ಚೀಟಿನ್ಯಾಗ,
ನಾ ಹೋದಲ್ಲೆಲ್ಲಾ ನನಕಿಂತ ಮೊದಲ ಹೋಗಿ ಕುಂತಿರ್ತಾನ.
ಆ ಅಕ್ಷರ ತಗೀಬಹುದೇನು?"

ಐದು ಸೆಮಿಸ್ಟರ್ ತಿರುವಿದೆ ತಲೆಯೊಳಗೆ.
ವಿಚ್ಛೇದನವಿತ್ತು, ಜೀವನಾಂಶವಿತ್ತು,
ಏಳು ವರ್ಷ ಸುದ್ದಿಯಿಲ್ಲದವನನ್ನು ಸತ್ತನೆಂದು ಊಹಿಸುವ ಕಲಮೂ ಇತ್ತು.
ಅವನನ್ನು ಸಾಯಿಸದೆ, ಕೋರ್ಟಿನ ಮೆಟ್ಟಿಲು ಹತ್ತದೆ,
ಬರೇ ಒಂದು ಕೋ, ಅದರ ಬಗಲಿನ ಸೊನ್ನೆ
ಅಳಿಸುವುದು ಯಾವ ಪುಟದಲ್ಲೂ ಇರಲಿಲ್ಲ.
"ಗೊತ್ತಿಲ್ರಿ," ಅಂದೆ. "ಕೇಳಿಕೊಂಡು ಬರ್ತೀನಿ."
ಯಾವ ಪರೀಕ್ಷೆಯಲ್ಲೂ ನಾನು ಬರೆಯದಿದ್ದ ಉತ್ತರ.

ವ್ಯಾನಿನಲ್ಲಿ ಮರೆತು ಕಣ್ಣುಜ್ಜಿಕೊಂಡೆ.
ಬಂಕಾಪುರ ದಾಟುವವರೆಗೆ ನೀರು ಸುರಿದ ಇರ್ಫಾನ:
"ಅಳಬ್ಯಾಡಲೇ, ಹಾಜರಿ ಹಾಕ್ತಾರ."

ಕಟಗಿಹಳ್ಳಿಮಠ ಸರ್ ಕನ್ನಡಕ ಹಣೆಗೇರಿಸಿದರು.
"ತಾಯಿ ಹೆಸರು ಹಾಕಿ ಕೊಟ್ಟು ನೋಡು.
ತಿರುಗಿ ಬಂದರೆ, ಯಾವ ನಿಯಮದಡಿ ಅಂತ ಬರಹದಲ್ಲಿ ಕೇಳು."
ಕ್ಲಿನಿಕ್ ಡೈರಿಯಲ್ಲಿ ನಡುವಿನ ಕಾಲಂ, ಫಲಿತಾಂಶ,
ಪೆನ್ಸಿಲ್ಲಿನಿಂದ ಒಂದು ಪ್ರಶ್ನಾರ್ಥಕ ಹಾಕಿಟ್ಟೆ.

ಮುಂದಿನ ಶನಿವಾರ ಆಕೆಯೇ ಕಾಯುತ್ತಿದ್ದಳು, ಬಾಗಿಲಲ್ಲಿ.
"ಮುಂಜಾನೆ ಇಲ್ಲೆ ಕಸ ನಾನ ಹೊಡಿಯೂದು.
ಗ್ವಾಡಿ ಮ್ಯಾಲ ಹುಡುಕೇನಿ. ಹುಡುಗೂರಿಗೂ ಕೇಳೇನಿ.
ಕೋ ಐತಿ, ಕಂ ಐತಿ.
ನೀ ಬರದದ್ದು ಇಲ್ಲ ಅಲ್ಲೆ."
ತಿರುಗಿ ನೋಡಿದೆ. ಇರಲಿಲ್ಲ.

ಹೊಸ ಹಾಳೆ. ಹೊನ್ನವ್ವ, ಮಾಳವ್ವನ ಮಗಳು.
ಎರಡು ಸಲ ಓದಿಸಿಕೊಂಡಳು,
ಎರಡನೆಯ ಸಲ ಕೈ ನಿಂತಿತ್ತು.

ಸೋಮವಾರ ಕ್ಲಾಸು ತಪ್ಪಿಸಿ ತಾಲೂಕು ಕಚೇರಿಗೆ ಹೋದೆ.
ಕಿಟಕಿಯಾಚೆಯವನು ಬೆರಳಿಟ್ಟು ತಡೆದ:
"ಗಂಡನ ಹೆಸರಿನ ಜಾಗ ಖಾಲಿ ಐತಲ್ರಿ?"
ನಿಯಮ, ಉಪನಿಯಮ ಜೋಡಿಸಿಕೊಂಡು ನಾನು ಬಾಯಿ ತೆರೆಯುವಷ್ಟರಲ್ಲಿ
ಹೊನ್ನವ್ವ, ನನ್ನ ಹೆಗಲ ಹಿಂದಿನಿಂದ:
"ಖಾಲಿ ಅಲ್ರೀ ಅದು. ಬಿಟ್ಟೇನಿ."

ಅವನು ಆಕೆಯನ್ನು ನೋಡಿದ, ನನ್ನನ್ನು ನೋಡಿದ,
ಮೊಹರಿನ ದಿನಾಂಕ ತಿರುವತೊಡಗಿದ.
ಇನ್ನೂ ಶನಿವಾರದ್ದೇ ಇತ್ತು.